ಮಠದ ಮುಂಗುಸಿ

ಕಾಡಿನ ಮಠದಲ್ಲಿದ್ದ ಮುಂಗುಸಿ ಗೌಜಲಕ್ಕಿಯ ಗಂಡನನ್ನು ಕೊಂದುಹಾಕಿತು. ಗೌಜಲಕ್ಕಿ ಅಳುತ್ತ ಕೂರಲಿಲ್ಲ. ನೇರವಾಗಿ ಹುಲಿರಾಯನಲ್ಲಿಗೆ ಹೋಗಿ ದೂರು ಕೊಟ್ಟಿತು. ಕೊಲೆಗಾರನನ್ನು ಹಿಡಿದು ತರಲು ಹುಲಿರಾಯ ತೋಳನನ್ನು ಕಳಿಸಿದ. ಗೌಜಲಕ್ಕಿಯೂ ಮರಿಗಳನ್ನು ಕಟ್ಟಿಕೊಂಡು ಹಿಂದೆಯೇ ನಡೆಯಿತು.

ಮಠದ ಗುರುವಾದ ಮುದಿ ಆಮೆ ಬಾಗಿಲಿಗೆ ಅಡ್ಡ ನಿಂತಿತು. "ಮಠದವರ ತಪ್ಪನ್ನು ವಿಚಾರಿಸುವುದು ಮಠವೇ. ಅವನ ಹಣೆಯ ವಿಭೂತಿ ಅಳಿಸಿ ಮಠದಿಂದ ತೆಗೆದಿದ್ದೇವೆ, ಅದೇ ಅವನಿಗೆ ಶಿಕ್ಷೆ. ನಾಳೆ ಹೊರಗೆ ಬಿಡುತ್ತೇವೆ. ಒಂದೇ ತಪ್ಪಿಗೆ ಎರಡು ಶಿಕ್ಷೆ ಅಧರ್ಮ. ಮುಂದೆ ಇನ್ನೊಂದು ಕೊಲೆ ಮಾಡಿದರೆ ಅರಸರು ಧಾರಾಳವಾಗಿ ದಂಡಿಸಲಿ."

ತೋಳ ಹಲ್ಲು ಕಡಿಯಿತು. ಆದರೂ ಮಠದ ಹೊಸ್ತಿಲು ದಾಟಲು ಅಂಜಿ ಹಿಂದೆ ಸರಿಯಿತು.

ಗೌಜಲಕ್ಕಿ ಮುಂದೆ ಬಂತು. "ಗುರುಗಳೇ, ಅರಸರು ಅವನನ್ನು ದಂಡಿಸಬೇಕಾದರೆ ಇನ್ನೊಬ್ಬರು ಸಾಯಬೇಕು ಅಂದಿರಿ. ಯಾರು ಸಾಯಬೇಕು, ಅದನ್ನೂ ನೀವೇ ಹೇಳಿಬಿಡಿ. ನನ್ನ ಮಕ್ಕಳು ಇಲ್ಲೇ ಇದ್ದಾರೆ, ಆರಿಸಿಕೊಳ್ಳಿ. ಹೇಳುವ ತನಕ ನಾನು ಕದಲುವುದಿಲ್ಲ."

ಆಮೆ ಒಂದೊಂದೇ ಮರಿಯ ಮುಖ ನೋಡಿತು. ಕೊನೆಗೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿಯಿತು.

ತೋಳ ಇನ್ನೂ ಅನುಮಾನಿಸುತ್ತಿತ್ತು. "ಬನ್ನಿ, ಅವನನ್ನು ನಾನು ತೋರಿಸುತ್ತೇನೆ," ಎಂದು ಗೌಜಲಕ್ಕಿ ತಾನೇ ಮೊದಲು ಒಳಗೆ ಕಾಲಿಟ್ಟಿತು.