ಬಲಗೈ ಉತ್ತರ, ಎಡಗೈ ಉತ್ತರ

ಬಿ.ಎಡ್. ಕಾಲೇಜಿನ ಪ್ರೊಫೆಸರ್ ಇಟಗಿಯವರು ಕಲಿಕಾ ಸಿದ್ಧಾಂತದ ಪರೀಕ್ಷೆಯಲ್ಲಿ ಹನ್ನೊಂದು ಮಂದಿಯನ್ನು ನಪಾಸು ಮಾಡಿದರು.

"ಇವರ್ಯಾರೂ ಶಾಲೆಗೆ ಪಾಠ ಮಾಡಾಕ ಹೋಗೂದು ಬ್ಯಾಡ. ನನ್ನ ಕೈ ಅಂದ್ರ ತಕ್ಕಡಿ. ಪಟ್ಟಿ ಟೈಪ್ ಮಾಡ್ರಿ" ಎಂದು ಕ್ಲರ್ಕ್ ಶಾಂತವ್ವನಿಗೆ ಅಪ್ಪಣೆಯಾಯಿತು.

ಆ ಹನ್ನೊಂದೂ ಮಂದಿಯ ಅಕ್ಷರ ಕೋಳಿ ಕೆದರಿದಂತಿತ್ತು. ಅದು ಶಾಂತವ್ವನ ಕಣ್ಣಿಗೆ ಬಿದ್ದಿತ್ತು. ಮರುದಿನ ಅವಳು, "ಸರ, ಇನ್ನೆರಡು ಉತ್ತರಪತ್ರಿಕೆ ಉಳಿದಾವ್ರಿ" ಎಂದು ತಂದಿಟ್ಟಳು.

ಮೊದಲನೆಯದರಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಇಟಗಿಯವರು ತಲೆದೂಗಿ ಇಪ್ಪತ್ತಕ್ಕೆ ಹದಿನೇಳು ಕೊಟ್ಟರು. ಎರಡನೆಯದಕ್ಕೆ ನಾಲ್ಕು.

"ಇವನಿಗೆ ಕಲಿಕೆ ಅಂದ್ರ ಏನಂತನ ಗೊತ್ತಿಲ್ಲ!"

"ಎರಡನ್ನೂ ಒಮ್ಮೆ ಜೋರಾಗಿ ಓದ್ರಿ ಸರ."

ಓದಿದರು. ಎರಡನೆಯದರ ಮೂರನೇ ಸಾಲಿಗೆ ದನಿ ನಿಂತುಹೋಯಿತು. ಮೊದಲನೆಯದಕ್ಕಿಂತ ಒಂದು ಪದವೂ ಆಚೀಚೆ ಇರಲಿಲ್ಲ.

"ಯಾರು ಬರದದ್ದು ಇವನ್ನ?"

"ನಾನರಿ. ಒಂದು ಬಲಗೈಲೆ, ಒಂದು ಎಡಗೈಲೆ. ಉತ್ತರ ಮಾತ್ರ ನಿಮ್ಮ ನೋಟ್ಸಿಂದರಿ."

ಇಟಗಿಯವರು ಕೆಂಪು ಪೆನ್ನನ್ನು ಬದಿಗಿಟ್ಟರು. ಆಮೇಲೆ ಹನ್ನೊಂದು ಉತ್ತರಪತ್ರಿಕೆಗಳನ್ನೂ ಅವಳ ಕಡೆ ಸರಿಸಿ, ಕಣ್ಣು ಮುಚ್ಚಿ ಕುಳಿತರು.

"ನೀವು ಓದ್ರಿ. ನಾ ಕೇಳ್ತೀನಿ."