ಮುಂಡಾಸಿನ ನ್ಯಾಯ

ನ್ಯಾಯ ಹೇಳುವುದೆಂದರೆ ಅರಸ ಮಲ್ಲರಾಜನಿಗೆ ಹಬ್ಬದೂಟ. "ನಾನು ಬಗೆಹರಿಸಲಾರದ ವ್ಯಾಜ್ಯ ಈ ಭೂಮಿಯ ಮೇಲೇ ಇಲ್ಲ" ಎಂದು ಘಟ್ಟ ಇಳಿಯುವ ದಾರಿಯುದ್ದಕ್ಕೂ ಕೊಚ್ಚಿಕೊಂಡ. ಜೊತೆಗಿದ್ದ ಆಸ್ಥಾನಿಕ ಲಿಂಗೋಜಿ ಹೂಂಗುಟ್ಟಿ ಹೂಂಗುಟ್ಟಿ ಸುಸ್ತಾಗಿದ್ದ.

ಕಡಲ ದಂಡೆಯ ಗುಡ್ಡದ ಮೇಲೆ ಒಂದು ಪುಟ್ಟ ಗೋರಿಮನೆ. ಎಂದೋ ಬಾಳಿದ ಪುಣ್ಯವಂತೆಯೊಬ್ಬಳದು. ಊರವರಿಗೆ ಅವಳು ಗುಡ್ಡದಮ್ಮ. ಅಲ್ಲಿ ಕ್ರೈಸ್ತರು ಮೇಣದಬತ್ತಿ ಹಚ್ಚುತ್ತಿದ್ದರು, ಮುಸಲ್ಮಾನರು ಊದುಬತ್ತಿ. ನೋಡಿಕೊಳ್ಳುವ ಮುದುಕರೂ ಇಬ್ಬರು: ಕ್ರೈಸ್ತರ ಇನಾಸ ಮತ್ತು ಮುಸಲ್ಮಾನರ ಮೊಯ್ದಿನಬ್ಬ. ಅರಸ ಬಂದಾಗ ಇಬ್ಬರೂ ಜಗಲಿಯಲ್ಲಿ ಕೂತು ಒಂದೇ ತಟ್ಟೆಯ ಎಲೆಯಡಿಕೆ ಮೆಲ್ಲುತ್ತಿದ್ದರು.

"ಈ ಜಾಗ ನಿಮ್ಮಿಬ್ಬರಲ್ಲಿ ಯಾರದು?" ಎಂದ ಅರಸ.

"ಇಬ್ಬರದ್ದೂ ಹೌದು ಸ್ವಾಮಿ" ಎಂದ ಇನಾಸ.

"ಹಾಗಾದರೆ ಜಗಳ ಇರಲೇಬೇಕಲ್ಲ?"

"ಎಂತ ಜಗಳವೂ ಇಲ್ಲ ಸ್ವಾಮಿ" ಎಂದ ಮೊಯ್ದಿನಬ್ಬ.

"ಇದೆ, ನಿಮಗೆ ಗೊತ್ತಾಗಿಲ್ಲ ಅಷ್ಟೆ. ಈಗಲೇ ನ್ಯಾಯ ಹೇಳುತ್ತೇನೆ. ಗೆದ್ದವನಿಗೆ ಬೀಗದ ಕೈ. ಸೋತವನ ಕಡೆಯವರು ಇನ್ನು ಈ ಗುಡ್ಡ ಹತ್ತುವಂತಿಲ್ಲ."

ಮುದುಕರಿಬ್ಬರ ಮುಖ ಬಾಡಿತು. ಇನಾಸ ಮೊಯ್ದಿನಬ್ಬನ ಕೈ ಹಿಡಿದುಕೊಂಡ. ಅದನ್ನು ಕಂಡು ಲಿಂಗೋಜಿಗೆ ಅರಸನನ್ನು ತಡೆಯಬೇಕೆನಿಸಿತು. ಆದರೆ ಬೇಡ ಎಂದರೆ ಅರಸನ ಹಟ ಇನ್ನೂ ಹೆಚ್ಚುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಆಗಲಿ ಪ್ರಭು. ಮೊದಲು ಒಳಗೆ ಹೋಗಿ ಅಮ್ಮನಿಗೆ ಕೈಮುಗಿದು ಬನ್ನಿ. ಆಮೇಲೆ ತೀರ್ಪು" ಎಂದ.

ಅರಸ ಪಾದರಕ್ಷೆ ಕಳಚಿ ಹೊಸ್ತಿಲ ಬಳಿ ಬಂದ.

"ಮುಂಡಾಸು ತೆಗೀಬೇಕು ಸ್ವಾಮಿ" ಎಂದ ಇನಾಸ. "ನಾವು ಬರಿತಲೆಯಲ್ಲೇ ಒಳಗೆ ಹೋಗುವುದು."

ಅರಸ ತೆಗೆದ.

"ತೆಗೀಬಾರದು ಸ್ವಾಮಿ" ಎಂದ ಮೊಯ್ದಿನಬ್ಬ. "ನಾವು ತಲೆ ಮುಚ್ಚಿಯೇ ಹೋಗುವುದು."

ಅರಸ ಮತ್ತೆ ಇಟ್ಟುಕೊಂಡ.

ಲಿಂಗೋಜಿ ಅವನ ಕಿವಿಯ ಹತ್ತಿರ ಬಗ್ಗಿದ. "ಜೋಕೆ ಪ್ರಭು. ತೆಗೆದು ಹೋದರೆ ಇನಾಸ ಗೆದ್ದ ಎನ್ನುತ್ತಾರೆ. ಇಟ್ಟುಕೊಂಡು ಹೋದರೆ ಮೊಯ್ದಿನಬ್ಬ ಗೆದ್ದ ಎನ್ನುತ್ತಾರೆ. ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟ ಅರಸ ಎಂದು ನಾಡೆಲ್ಲ ಹೆಸರಾಗುತ್ತದೆ."

ಮುಂಡಾಸು ತಲೆಯಿಂದ ಕೈಗೆ, ಕೈಯಿಂದ ತಲೆಗೆ ಓಡಾಡತೊಡಗಿತು. ಬಿಸಿಲಿಗೆ ಅರಸನ ಮೀಸೆಯ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಏನಾದರೂ ದಾರಿ ಹೇಳು ಮಾರಾಯ" ಎಂದು ಗೋಗರೆದ ಅರಸ. "ಇವರಿಬ್ಬರೂ ಇಷ್ಟು ಕಾಲ ಹೇಗೆ ಒಳಗೆ ಹೋಗುತ್ತಿದ್ದರು?"

"ಇವನು ತಲೆ ತೆರೆದು ಹೋದ, ಅವನು ಮುಚ್ಚಿ ಹೋದ. ಅಮ್ಮ ಇಬ್ಬರನ್ನೂ ವಾಪಸು ಕಳಿಸಲಿಲ್ಲ" ಎಂದ ಲಿಂಗೋಜಿ. "ಆರಾಮವಾಗಿ ಒಳಗೂ ಹೊರಗೂ ಓಡಾಡಿಕೊಂಡಿದ್ದವರಿಗೆ, ಹೊಸ್ತಿಲನ್ನೇ ದಾಟಲಾರದವರು ಏನು ನ್ಯಾಯ ಹೇಳುವುದು ಪ್ರಭು?"

ಅರಸ ಅವನನ್ನು ದುರುಗುಟ್ಟಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಜರತಾರಿ ಮುಂಡಾಸನ್ನು ತೆಗೆದು ಲಿಂಗೋಜಿಯ ಬರಿತಲೆಗೆ ಇಟ್ಟ.

"ನಡಿ. ನಾನು ತೆರೆದು ಬರುತ್ತೇನೆ, ನೀನು ಮುಚ್ಚಿಕೊಂಡು ಬಾ. ಒಟ್ಟಿಗೇ ಹೋಗೋಣ."

ಹೊರಗೆ ಬಂದ ಮೇಲೆ ಲಿಂಗೋಜಿ ಮುಂಡಾಸಿನ ಜರಿಯನ್ನು ಮೆಲ್ಲಗೆ ಸವರಿಕೊಂಡ. "ಪ್ರಭು, ಈಗ ಇದು ನಮ್ಮಿಬ್ಬರಲ್ಲಿ ಯಾರದು?"

"ನ್ಯಾಯ ಹೇಳಿ ಸಾಕಾಗಿದೆ ಮಾರಾಯ" ಎಂದ ಅರಸ. "ನೀನೇ ಇಟ್ಟುಕೋ."