ಮೀನು ಕೇಳುತ್ತಿದ್ದ ಕ್ಷಮೆ

ಕಿಟಕಿಯ ಪಕ್ಕದ ಗಾಜಿನ ತೊಟ್ಟಿಯಲ್ಲಿ ಒಂದು ಚಿನ್ನದ ಮೀನಿತ್ತು. ವಾರಕ್ಕೊಮ್ಮೆ ಮನೆಯೊಡತಿ ವನಜಮ್ಮ ತೊಟ್ಟಿಯ ಕೊಳೆನೀರನ್ನು ಬಕೆಟ್ಟಿಗೆ ತೋಡಿಕೊಳ್ಳುವಾಗ ಮೀನು ನಾಚಿಕೆಯಿಂದ ಕುಗ್ಗಿಹೋಗುತ್ತಿತ್ತು. "ಬಕೆಟ್ಟಣ್ಣ, ನನ್ನ ಹೊಲಸನ್ನು ನೀನು ಹೊರಬೇಕಾಯಿತಲ್ಲ, ಕ್ಷಮಿಸು" ಎಂದು ಪ್ರತಿಸಲವೂ ಬೇಡುತ್ತಿತ್ತು. ಬಕೆಟ್ಟು ಮೊದಲೇ ಮಿತಭಾಷಿ. ಸುಮ್ಮನೆ ತುಳುಕುತ್ತ ಹೋಗುತ್ತಿತ್ತು.

ಒಂದು ದಿನ ವನಜಮ್ಮನ ಸೊಂಟ ಹಿಡಿದುಕೊಂಡಿತು. ಪ್ಲಂಬರ್ ಬಂದು ತೊಟ್ಟಿಯ ತಳಕ್ಕೆ ಪೈಪು ಕೂರಿಸಿ, ಅದರ ಬಾಯನ್ನು ಮೋರಿಗೆ ಬಿಟ್ಟ. "ಇನ್ನು ನಿನ್ನ ಹೊಲಸು ಯಾರ ಕಣ್ಣಿಗೂ ಬೀಳದು" ಎಂದಿತು ಪೈಪು. ಮೀನಿಗೆ ಹೋದ ಜೀವ ಬಂದಂತಾಯಿತು.

ತಿಂಗಳು ಕಳೆಯುವಷ್ಟರಲ್ಲಿ ಕಿಟಕಿಯಾಚೆಯ ಮಲ್ಲಿಗೆ ಬಳ್ಳಿ ಹಳದಿಗಟ್ಟಿತು. ಅದು ಒಳಗೆ ಇಣುಕಿ, "ಅಣ್ಣಾ, ನನ್ನಿಂದೇನು ತಪ್ಪಾಯಿತು? ಊಟವನ್ನೇಕೆ ನಿಲ್ಲಿಸಿಬಿಟ್ಟೆ?" ಎಂದು ಕೇಳಿತು.

"ನಾನೆಂದು ನಿನಗೆ ಊಟ ಕೊಟ್ಟೆ?"

"ಬಕೆಟ್ಟು ನನ್ನ ಬುಡಕ್ಕೆ ಸುರಿಯುತ್ತಿದ್ದದ್ದು ನಿನ್ನ ನೀರನ್ನೇ ಅಲ್ಲವೇ? ನಿನ್ನ ಋಣದಲ್ಲೇ ನಾನು ಇಷ್ಟು ದಿನ ಹೂ ಬಿಟ್ಟವಳು."

ಮೀನು ಬೆರಗಾಗಿ ಪೈಪಿನ ಕಡೆ ತಿರುಗಿತು. "ಬಿಟ್ಟ ಕಡೆ ಹರಿಯುವವನು ನಾನು. ಬಾಯಿ ತಿರುಗಿಸಲು ನನಗೆ ಕೈಯಿಲ್ಲ" ಎಂದಿತು ಪೈಪು.

ಅಷ್ಟರಲ್ಲಿ ಮುಡಿಗೆ ಹೂ ಹುಡುಕುತ್ತ ಬಂದ ವನಜಮ್ಮ ಬಾಡಿದ ಬಳ್ಳಿಯನ್ನು ಕಂಡಳು. "ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎನ್ನುತ್ತ ಪೈಪಿನ ಬಾಯನ್ನು ಮೋರಿಯಿಂದ ಎತ್ತಿ ಬಳ್ಳಿಯ ಬುಡಕ್ಕಿಟ್ಟಳು.

ಮತ್ತೆ ಮೊಗ್ಗು ಬಿರಿದ ಬೆಳಿಗ್ಗೆ ಬಳ್ಳಿ ತೆರೆದ ಕಿಟಕಿಯಿಂದ ಒಂದು ಹೂವನ್ನು ತೊಟ್ಟಿಯೊಳಕ್ಕೆ ಉದುರಿಸಿತು. ಕ್ಷಮೆ ಕೇಳಿ ಅಭ್ಯಾಸವಾಗಿದ್ದ ಮೀನು ಬಾಯಿ ತೆರೆದು, ತಡೆದು, ಹೂವಿಗೆ ಒಂದು ಸುತ್ತು ಬಂದು ಕೇಳಿತು: "ಊಟವಾಯಿತೇ, ತಂಗಿ?"